ಆಟೋಕ್ರಾಸ್ ಕೋರ್ಸ್ ಓಡಿಸಲು ಕಲಿಯುವುದು: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನಡೆಯುವ ಆಟೋಕ್ರಾಸ್ ಸ್ಪರ್ಧೆಗೆ ಬೇಕಾಗುವುದು ಒಂದು ವಿಶಾಲವಾದ ಪಾರ್ಕಿಂಗ್ ಮೈದಾನ ಅಥವಾ ಬಳಕೆ ತಪ್ಪಿದ ರನ್‌ವೇ, ಮತ್ತು ಕೆಲವು ನೂರು ಕಿತ್ತಳೆ ಬಣ್ಣದ ಕೋನ್‌ಗಳು. ಆ ಕೋನ್‌ಗಳಿಂದ ಅಂಕುಡೊಂಕಾದ ಒಂದು ಹಾದಿಯನ್ನು, ಅಂದರೆ ‘ಕೋರ್ಸ್’ ಅನ್ನು, ರೂಪಿಸಿ, ಚಾಲಕರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು, ಯಾರು ಕಡಿಮೆ ಸಮಯದಲ್ಲಿ ಮುಗಿಸಿದರೆಂದು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ, ಇದನ್ನು ‘ಸೋಲೋ’ ಎಂಬ ಹೆಸರಿನಲ್ಲಿ ದೇಶದಾದ್ಯಂತ ನಡೆಸುತ್ತದೆ. ಪೋರ್ಷೆ ಮತ್ತು ಬಿಎಂಡಬ್ಲ್ಯು ಮಾಲೀಕರ ಕ್ಲಬ್‌ಗಳ ಸ್ಥಳೀಯ ಶಾಖೆಗಳೂ ಇಂಥ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ದಿನವೂ ಕಚೇರಿಗೆ ಓಡಿಸುವ ಕಾರಿನಲ್ಲೇ ಭಾಗವಹಿಸಬಹುದು, ವೇಗ ಹೆದ್ದಾರಿಯ ವೇಗವನ್ನು ಮೀರುವುದು ಅಪರೂಪ, ತಪ್ಪಿದರೆ ಸಾಮಾನ್ಯವಾಗಿ ಬೀಳುವುದು ಒಂದು ಪ್ಲಾಸ್ಟಿಕ್ ಕೋನ್ ಮಾತ್ರ. ಕಾರಿನ ಹಿಡಿತದ ಮಿತಿಯನ್ನು ಇಷ್ಟು ಕಡಿಮೆ ಅಪಾಯದಲ್ಲಿ ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಕಲಿಯಲು ಹೊರಡುವವರು ಒಂದು ಲೆಕ್ಕವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು ದಿನದ ಸ್ಪರ್ಧೆಯಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ರನ್‌ಗಳು, ಅಂದರೆ ಕೋರ್ಸಿನ ಓಟಗಳು, ಸಿಗುತ್ತವೆ, ಒಂದೊಂದು ರನ್ ಮುಗಿಯಲು ಸುಮಾರು 40ರಿಂದ 70 ಸೆಕೆಂಡು ಸಾಕು. ಬೆಳಗಿನಿಂದ ಸಂಜೆಯವರೆಗೆ ಮೈದಾನದಲ್ಲಿದ್ದರೂ ನಿಜವಾಗಿ ಕಾರು ಓಡಿಸುವುದು ಐದು ನಿಮಿಷದ ಆಸುಪಾಸು. ಉಳಿದ ಹೊತ್ತನ್ನು, ಅಂದರೆ ಕೋರ್ಸಿನಲ್ಲಿ ನಡೆಯುವ, ಇತರರ ಓಟವನ್ನು ನೋಡುವ ಮತ್ತು ಪಕ್ಕದ ಸೀಟಿನಲ್ಲಿ ಕುಳಿತು ಗಮನಿಸುವ ಹೊತ್ತನ್ನು, ಯಾರು ಸರಿಯಾಗಿ ಬಳಸಿಕೊಳ್ಳುತ್ತಾರೋ ಅವರೇ ಬೇಗ ಕಲಿಯುತ್ತಾರೆ. ಕಾರಿಗೆ ದುಡ್ಡು ಸುರಿದು ವೇಗ ಪಡೆಯಲು ಹೊರಟವರು ಹಿಂದೆ ಉಳಿಯುವುದು ಇದೇ ಕಾರಣಕ್ಕೆ.

ಹೆಸರು ನೋಂದಾಯಿಸುವ ಮೊದಲು

ನೀವಿರುವ ಪ್ರದೇಶದ ಎಸ್‌ಸಿಸಿಎ ಶಾಖೆಯ ವೇಳಾಪಟ್ಟಿಯನ್ನು ಹುಡುಕಿ. ಹೊಸಬರಿಗೆ ಬೋಧಕರನ್ನು ಒದಗಿಸುವ ಸ್ಪರ್ಧೆಯನ್ನೋ, ಎಸ್‌ಸಿಸಿಎ ನಡೆಸುವ ‘ಸ್ಟಾರ್ಟಿಂಗ್ ಲೈನ್’ ಎಂಬ ಆರಂಭಿಕ ತರಬೇತಿಯನ್ನೋ ಮೊದಲು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ತರಬೇತಿಯ ದಿನ ಸಿಗುವಷ್ಟು ರನ್‌ಗಳು ಸ್ಪರ್ಧೆಯ ದಿನ ಸಿಗುವುದಿಲ್ಲ. ನಿಮ್ಮ ಕಾರು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನೂ ಆಗಲೇ ತಿಳಿದುಕೊಳ್ಳಿ. ಬದಲಾವಣೆ ಮಾಡದ ಕಾರುಗಳು ‘ಸ್ಟ್ರೀಟ್’ ವರ್ಗಗಳಿಗೆ ಸೇರುತ್ತವೆ. ಎತ್ತರ ಹೆಚ್ಚಾಗಿ ಅಗಲ ಕಡಿಮೆಯಿರುವ ವಾಹನಗಳು ಮಗುಚುವ ಸಂಭವ ಇರುವುದರಿಂದ ಅನೇಕ ಎಸ್‌ಯುವಿಗಳಿಗೆ ಪ್ರವೇಶವಿಲ್ಲ. ಅನುಮಾನವಿದ್ದರೆ ಆಯೋಜಕರನ್ನು ಕೇಳಿ. ಮಜ್ದಾ ಮಿಯಾಟಾ, ಟೊಯೋಟಾ ಜಿಆರ್86 ಮೊದಲಾದವು ಈ ಆಟದಲ್ಲಿ ಹೆಸರು ಮಾಡಿದ ಕಾರುಗಳು ನಿಜ, ಆದರೆ ಹಳೆಯ ಹೋಂಡಾ ಸಿವಿಕ್ ಕೂಡ ಕಲಿಕೆಗೆ ಧಾರಾಳವಾಗಿ ಸಾಕು.

ಹೆಲ್ಮೆಟ್ ಕಡ್ಡಾಯ, ಅದೂ ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಅಥವಾ ಎಂ ಮಾನದಂಡದ ಇತ್ತೀಚಿನ ಆವೃತ್ತಿಗಳಲ್ಲಿ ಒಂದಕ್ಕೆ ಹೊಂದುವಂಥದ್ದು. ಬಹುತೇಕ ಕ್ಲಬ್‌ಗಳು ಹೊಸಬರಿಗೆ ಹೆಲ್ಮೆಟ್ ಎರವಲು ಕೊಡುವುದರಿಂದ ಮೊದಲ ದಿನಕ್ಕೇ ಖರೀದಿಸಬೇಕಾಗಿಲ್ಲ. ವಿಮೆಯ ಕರಾರನ್ನು ಮಾತ್ರ ಮರೆಯದೆ ಓದಿ: ಸಮಯ ಅಳೆಯುವ ಸ್ಪರ್ಧೆಗಳಲ್ಲಿ ಆಗುವ ಹಾನಿಯನ್ನು ಅನೇಕ ವೈಯಕ್ತಿಕ ವಿಮೆಗಳು ಹೊರಗಿಡುತ್ತವೆ.

ಕಾರಿನ ಸಿದ್ಧತೆ

ಸ್ಪರ್ಧೆಯ ಬೆಳಿಗ್ಗೆ ತಪಾಸಣೆ ಇರುತ್ತದೆ. ಬ್ಯಾಟರಿ ಭದ್ರವಾಗಿರಬೇಕು, ಚಕ್ರದ ನಟ್ಟುಗಳು ಎಲ್ಲವೂ ಇದ್ದು ಬಿಗಿಯಾಗಿರಬೇಕು, ಬ್ರೇಕ್ ಪೆಡಲ್ ಒತ್ತಿದಾಗ ಗಟ್ಟಿಯಾಗಿರಬೇಕು, ಟೈರಿನ ಒಳದಾರ ಎಲ್ಲೂ ಕಾಣಿಸಬಾರದು. ಚಾಲಕನ ಕಾಲಡಿಯ ಮ್ಯಾಟು, ನೀರಿನ ಬಾಟಲಿ, ಫೋನು, ಡಿಕ್ಕಿಯಲ್ಲಿರುವ ಸಾಮಾನು, ಕಳಚಬಹುದಾದ ಹಬ್‌ಕ್ಯಾಪ್, ಎಲ್ಲವನ್ನೂ ಹೊರಗಿಡಬೇಕು. ತಿರುವಿನಲ್ಲಿ ಬ್ರೇಕ್ ಪೆಡಲಿನ ಕೆಳಗೆ ಉರುಳಿ ಬರುವ ಬಾಟಲಿ ನಿಜವಾದ ಅಪಾಯ. ಸಂಖ್ಯೆ ಮತ್ತು ವರ್ಗದ ಅಕ್ಷರಗಳನ್ನು ಬಾಗಿಲಿಗೆ ಬಣ್ಣದ ಟೇಪಿನಿಂದ ಅಂಟಿಸಿದರೆ ಸಾಕು.

ಹಣ ಖರ್ಚಿಲ್ಲದೆ ಮಾಡಬಹುದಾದ ಮುಖ್ಯ ಹೊಂದಾಣಿಕೆಯೆಂದರೆ ಟೈರಿನ ಗಾಳಿ. ಸಾಧಾರಣ ಟೈರುಗಳಿದ್ದರೆ, ಬಾಗಿಲ ಚೌಕಟ್ಟಿನ ಮೇಲೆ ನಮೂದಿಸಿರುವ ಒತ್ತಡಕ್ಕಿಂತ ಕೆಲವು ಪಿಎಸ್‌ಐ ಹೆಚ್ಚು ತುಂಬಿ ಆರಂಭಿಸಿ, ಏಕೆಂದರೆ ತೀವ್ರ ತಿರುವಿನಲ್ಲಿ ಟೈರಿನ ಪಕ್ಕದ ಗೋಡೆ ನೆಲಕ್ಕೆ ಮಡಚಿಕೊಳ್ಳುತ್ತದೆ. ಟೈರಿನ ಅಂಚಿನಲ್ಲಿ ಮೂರು ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ರನ್ ಮುಗಿದ ಮೇಲೆ ನೋಡಿ. ಗೆರೆ ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ನೆಲ ತಾಗುವ ಅಂಚಿನವರೆಗೂ ಅಳಿಯದೆ ಉಳಿದಿದ್ದರೆ ಹೆಚ್ಚಾಗಿದೆ. ರನ್‌ನಿಂದ ರನ್‌ಗೆ ಟೈರು ಬಿಸಿಯಾಗಿ ಒತ್ತಡ ಏರುವುದರಿಂದ ಪ್ರತಿ ಬಾರಿಯೂ ಅಳೆದು ಬರೆದಿಡಿ.

ಕೋರ್ಸನ್ನು ನಡೆದು ಓದುವುದು

ಪ್ರತಿ ಸ್ಪರ್ಧೆಯ ಕೋರ್ಸೂ ಹೊಸದು, ಅಭ್ಯಾಸದ ರನ್ ಇರುವುದಿಲ್ಲ. ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಸೋಲೋ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಸಾವಿರಕ್ಕೂ ಹೆಚ್ಚು ಚಾಲಕರು ಎರಡು ದಿನ ಎರಡು ಬೇರೆ ಬೇರೆ ಕೋರ್ಸುಗಳಲ್ಲಿ ಮೂರು ಮೂರು ರನ್ ಮಾತ್ರ ಓಡುತ್ತಾರೆ. ಎರಡೂ ದಿನದ ಅತ್ಯುತ್ತಮ ಸಮಯಗಳನ್ನು ಕೂಡಿಸಿ ವಿಜೇತರನ್ನು ನಿರ್ಧರಿಸುತ್ತಾರೆ. ಅಲ್ಲಿ ಗೆಲ್ಲುವವರು ಕೋರ್ಸನ್ನು ಕಲಿಯುವುದು ಕಾಲ್ನಡಿಗೆಯಲ್ಲಿ. ಹೊಸಬರಿಗೂ ಇದೇ ದಾರಿ.

ಕನಿಷ್ಠ ಮೂರು ಬಾರಿ ನಡೆಯಿರಿ. ಮೊದಲ ಸುತ್ತಿನಲ್ಲಿ ದಾರಿ ಎತ್ತ ಹೋಗುತ್ತದೆ ಎಂಬುದಷ್ಟೇ ತಿಳಿದರೆ ಸಾಕು. ಮಲಗಿಸಿದ ಕೋನ್ ಬಾಣದ ಗುರುತಿನ ಕೆಲಸ ಮಾಡುತ್ತದೆ: ಅದರ ತುದಿ ನಿಂತಿರುವ ಕೋನನ್ನು ತೋರಿಸುತ್ತದೆ, ಮತ್ತು ಕಾರು ನಿಂತ ಕೋನಿನ ಆ ಕಡೆಯಿಂದ, ಅಂದರೆ ಮಲಗಿದ ಕೋನ್ ಇಲ್ಲದ ಬದಿಯಿಂದ, ಹಾಯಬೇಕು. ಗೆಳೆಯರ ಜೊತೆ ಹರಟುತ್ತ ಈ ಸುತ್ತು ಮುಗಿಸಿದರೂ ಪರವಾಗಿಲ್ಲ, ಮುಂದಿನ ಎರಡು ಸುತ್ತುಗಳಲ್ಲಿ ಮಾತ್ರ ಒಬ್ಬರೇ ನಡೆಯಿರಿ.

ಎರಡನೆಯ ಸುತ್ತಿನಲ್ಲಿ ಕೋನ್‌ಗಳ ರಾಶಿಯಲ್ಲಿ ನಿಮಗೆ ಮುಖ್ಯವಾದವು ಯಾವುವೆಂದು ಗುರುತಿಸಿಕೊಳ್ಳಿ. ಇನ್ನೂರು ಕೋನ್‌ಗಳಿದ್ದರೂ ಕಾರಿನ ಹಾದಿಯನ್ನು ನಿಜವಾಗಿ ನಿರ್ಧರಿಸುವುದು ಹದಿನೈದೋ ಇಪ್ಪತ್ತೋ. ಕಾರು ನಡುವೆ ಹಾಯಬೇಕಾದ ಒಂದು ಗೇಟಿನಲ್ಲಿ ಎರಡು ಕೋನ್‌ಗಳಿದ್ದರೆ, ಅದರಲ್ಲಿ ಒಳಬದಿಯದೊಂದೇ ನಿಮ್ಮ ಹಾದಿಯನ್ನು ತಡೆಯುತ್ತದೆ. ಇನ್ನೊಂದರ ಹತ್ತಿರ ನೀವು ಹೋಗುವುದೇ ಇಲ್ಲ. ಆ ಒಳಕೋನ್‌ಗಳನ್ನು ಮಾತ್ರ ನೆನಪಿಟ್ಟುಕೊಂಡರೆ ಕೋರ್ಸು ಒಮ್ಮೆಲೇ ಸರಳವಾಗುತ್ತದೆ. ಈ ಸುತ್ತಿನಲ್ಲಿಯೇ ಪ್ರತಿ ತಿರುವಿನ ಬಳಿ ಮೊಣಕಾಲೂರಿ, ಸೀಟಿನಲ್ಲಿ ಕುಳಿತಾಗ ಕಣ್ಣು ಇರುವ ಎತ್ತರದಿಂದ ಮುಂದಕ್ಕೆ ನೋಡಿ. ನಿಂತಾಗ ಸ್ಪಷ್ಟವಾಗಿ ಕಾಣುವ ಗೇಟು ಕುಳಿತಾಗ ಬೇರೆ ಕೋನ್‌ಗಳ ಹಿಂದೆ ಮರೆಯಾಗುತ್ತದೆ, ಮತ್ತು ಓಟದಲ್ಲಿ ದಾರಿ ತಪ್ಪುವುದು ಅಂಥ ಜಾಗಗಳಲ್ಲೇ.

ಮೂರನೆಯ ಸುತ್ತಿನಲ್ಲಿ, ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿಂದ ಆಕ್ಸಿಲರೇಟರ್ ಪೂರ್ತಿ ಒತ್ತಬಹುದು ಎಂಬುದನ್ನು ನಿರ್ಧರಿಸಿ. ಇಲ್ಲಿ ಕೋರ್ಸನ್ನು ಕೊನೆಯಿಂದ ಹಿಂದಕ್ಕೆ ಯೋಚಿಸುವುದು ಉಪಯುಕ್ತ. ನೇರವಾದ ಉದ್ದ ಭಾಗಕ್ಕೆ ಮುಂಚಿನ ತಿರುವಿನಿಂದ ನೀವು ಎಷ್ಟು ವೇಗವಾಗಿ ಹೊರಬರುತ್ತೀರೋ ಆ ಲಾಭ ಇಡೀ ನೇರ ಭಾಗದಲ್ಲಿ ಸಿಗುತ್ತದೆ; ಆದ್ದರಿಂದ ಅಂಥ ತಿರುವಿಗೆ ಪ್ರವೇಶಿಸುವಾಗ ಸ್ವಲ್ಪ ವೇಗ ಬಿಟ್ಟುಕೊಟ್ಟರೂ ನಷ್ಟವಿಲ್ಲ. ನೆಲವನ್ನೂ ನೋಡಿ: ಮರಳು, ಎಣ್ಣೆಯ ಕಲೆ, ಕಾಂಕ್ರೀಟು ಮುಗಿದು ಡಾಂಬರು ಶುರುವಾಗುವ ಗೆರೆ, ನೀರು ಹರಿಯಲು ಬಿಟ್ಟ ಇಳಿಜಾರು, ಇವೆಲ್ಲ ಹಿಡಿತವನ್ನು ಬದಲಿಸುತ್ತವೆ.

ನಡಿಗೆ ಮುಗಿದ ಮೇಲೆ ಕಣ್ಣು ಮುಚ್ಚಿ ಆರಂಭದಿಂದ ಕೊನೆಯವರೆಗೆ ಕೋರ್ಸನ್ನು ಮನಸ್ಸಿನಲ್ಲಿ ಓಡಿಸಿ ನೋಡಿ. ಎಲ್ಲಿ ಚಿತ್ರ ಮಸುಕಾಗುತ್ತದೆಯೋ ಅಲ್ಲಿಗೆ ಮತ್ತೆ ಹೋಗಿ ನಿಂತು ಬನ್ನಿ. ಗಡಿಯಾರ ಹಿಡಿದು ಈ ಮಾನಸಿಕ ಓಟವನ್ನು ಅಳೆದಾಗ ಅದು ನಿಜವಾದ ಸಮಯದ ಹತ್ತಿರ ಬರುತ್ತಿದ್ದರೆ ಕೋರ್ಸು ನಿಮಗೆ ಬಾಯಿಪಾಠವಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಕುಳಿತುಕೊಳ್ಳುವ ರೀತಿ

ಬ್ರೇಕ್ ಪೆಡಲನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಷ್ಟು, ಬೆನ್ನು ಸೀಟಿಗೆ ಒರಗಿರುವಾಗ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯನ್ನು ತಾಗುವಷ್ಟು ಹತ್ತಿರ ಕುಳಿತುಕೊಳ್ಳಿ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ಸೀಟ್‌ಬೆಲ್ಟ್ ದೇಹವನ್ನು ಬಿಗಿಯಾಗಿ ಹಿಡಿಯದಿದ್ದರೆ ತಿರುವಿನಲ್ಲಿ ಬೀಳದಿರಲು ನೀವು ಸ್ಟೀರಿಂಗನ್ನೇ ಆಧಾರವಾಗಿ ಹಿಡಿಯುತ್ತೀರಿ, ಆಗ ಮುಂದಿನ ಚಕ್ರಗಳು ಕೈಗೆ ಹೇಳುವ ಸುದ್ದಿ ತಿಳಿಯುವುದಿಲ್ಲ. ಸೀಟನ್ನು ಹಿಂದಕ್ಕೆ ಸರಿಸಿ, ಬೆಲ್ಟನ್ನು ಜಗ್ಗಿ ಅದು ಸಿಕ್ಕಿಕೊಳ್ಳುವಂತೆ ಮಾಡಿ, ಬಳಿಕ ಸೀಟನ್ನು ಮುಂದಕ್ಕೆ ತಂದರೆ ಅನೇಕ ಕಾರುಗಳಲ್ಲಿ ಬೆಲ್ಟು ಬಿಗಿಯಾಗಿ ನಿಲ್ಲುತ್ತದೆ.

ಕರ್ನಾಟಕದಲ್ಲಿ ಬಲಬದಿಯಲ್ಲಿ ಕುಳಿತು ಕಾರು ಕಲಿತು ಅಮೆರಿಕಕ್ಕೆ ಬಂದವರಿಗೆ ಒಂದು ವಿಶೇಷ ಸೂಚನೆ. ಇಲ್ಲಿ ಚಾಲಕನ ಸೀಟು ಎಡಕ್ಕಿರುವುದರಿಂದ ಕಾರಿನ ಬಲ ಅಂಚು ಎಲ್ಲಿದೆ ಎಂಬ ಅಂದಾಜು, ವರ್ಷಗಟ್ಟಲೆ ಇಲ್ಲಿನ ರಸ್ತೆಯಲ್ಲಿ ಓಡಿಸಿದವರಿಗೂ, ಇಂಚಿನ ಮಟ್ಟಕ್ಕೆ ಇರುವುದಿಲ್ಲ. ಖಾಲಿ ಮೈದಾನದಲ್ಲಿ ಒಂದು ಪೆಟ್ಟಿಗೆಯನ್ನು ಇಟ್ಟು, ಬಲಬದಿಯ ಚಕ್ರ ಅದಕ್ಕೆ ತೀರ ಹತ್ತಿರವಾಗುವಂತೆ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಇಳಿದು ಅಂತರವನ್ನು ನೋಡಿ. ಹೆಚ್ಚಿನವರು ಒಂದು ಮೀಟರಿನಷ್ಟು ದೂರದಲ್ಲಿ ನಿಂತಿರುತ್ತಾರೆ, ಮತ್ತು ಪ್ರತಿ ಕೋನಿನಲ್ಲೂ ಒಂದು ಮೀಟರ್ ಬಿಟ್ಟುಕೊಡುವವರ ಹಾದಿ ಬಹಳ ಉದ್ದವಾಗುತ್ತದೆ.

ಮೊದಲ ರನ್: ಕಣ್ಣಿಗೆ ಕೆಲಸ

ಮೊದಲ ರನ್‌ನಲ್ಲಿ ವೇಗದ ಗುರಿ ಬೇಡ. ದಾರಿ ತಪ್ಪದೆ, ಕೋನ್ ಬೀಳಿಸದೆ ಮುಗಿಸಿ. ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಯಿಂದ ಗೇರು ಬದಲಿಸುವ ಕಾರಾದರೆ ಒಂದನೆಯದರಲ್ಲಿ ಹೊರಟು ಬೇಗನೆ ಎರಡಕ್ಕೆ ಬದಲಿಸಿ ಅಲ್ಲೇ ಉಳಿಯಿರಿ. ಬಹುತೇಕ ಕೋರ್ಸುಗಳು ಎರಡನೆಯ ಗೇರಿನಲ್ಲೇ ಮುಗಿಯುತ್ತವೆ. ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಮೊದಲ ಸ್ಪರ್ಧೆಯಲ್ಲಿ ಆಫ್ ಮಾಡಬೇಡಿ. ಅದು ಯಾವಾಗ ಮಧ್ಯೆ ಬರುತ್ತದೆ ಎಂಬುದೇ ನೀವು ಎಲ್ಲಿ ಒರಟಾಗಿ ಓಡಿಸುತ್ತಿದ್ದೀರಿ ಎಂಬುದಕ್ಕೆ ಒಳ್ಳೆಯ ಸೂಚನೆ.

ಕಾರು ಗಂಟೆಗೆ 64 ಕಿ.ಮೀ., ಅಂದರೆ 40 ಮೈಲಿ ವೇಗದಲ್ಲಿದ್ದಾಗ ಒಂದು ಸೆಕೆಂಡಿಗೆ ಸುಮಾರು 18 ಮೀಟರ್ ಸಾಗುತ್ತದೆ. 60 ಅಡಿ ಅಂತರದಲ್ಲಿ ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಹೊರಳಿ ಸಾಗುವ ಸ್ಲಾಲಮ್‌ನಲ್ಲಿ ಇದರ ಅರ್ಥ ಸೆಕೆಂಡಿಗೆ ಒಂದು ಕೋನ್. ಎದುರಿಗಿರುವ ಕೋನನ್ನೇ ನೋಡುತ್ತಿದ್ದರೆ ನಿಮ್ಮ ಕೈ ಪ್ರತಿಯೊಂದಕ್ಕೂ ತಡವಾಗಿಯೇ ಓಗೊಡುತ್ತದೆ. ಆದ್ದರಿಂದ ನೀವು ಒಂದು ಕೋನನ್ನು ದಾಟುವ ಹೊತ್ತಿಗೆ ಕಣ್ಣು ಅದರ ಮುಂದಿನದಕ್ಕೂ ಆಚೆ ಇರಬೇಕು, ಸಮೀಪದ ಕೋನ್‌ಗಳನ್ನು ಓರೆನೋಟಕ್ಕೆ ಬಿಡಬೇಕು. ಹಿಂತಿರುವುಗಳಲ್ಲಿ ಪಕ್ಕದ ಕಿಟಕಿಯ ಮೂಲಕ ತಲೆ ತಿರುಗಿಸಿ ನೋಡಬೇಕಾಗುತ್ತದೆ. ಹೊಸಬರು ಅದನ್ನು ಮಾಡದೆ ಗಾಜಿನ ಮುಂದಿರುವ ಡಾಂಬರನ್ನು ನೋಡುತ್ತಾರೆ. ‘ಮುಂದೆ ನೋಡಿ’ ಎಂದು ಬೋಧಕರು ದಿನವಿಡೀ ಹೇಳುವುದು ಬೇಸರ ತರಿಸಬಹುದು, ಆದರೆ ಈ ಒಂದು ಅಭ್ಯಾಸ ಕೂಡಿಬಂದರೆ ವೇಗ ಕಡಿಮೆಯಾದಂತೆ ಅನ್ನಿಸುತ್ತದೆ, ಕೈ ಶಾಂತವಾಗುತ್ತದೆ, ಸಮಯ ತಾನಾಗಿ ಇಳಿಯುತ್ತದೆ.

ಬ್ರೇಕ್, ಸ್ಟೀರಿಂಗ್, ಆಕ್ಸಿಲರೇಟರ್

ಟೈರಿಗೆ ಇರುವ ಹಿಡಿತ ಸಂಬಳವಿದ್ದಂತೆ: ಅಷ್ಟರಲ್ಲೇ ಬ್ರೇಕಿಗೂ ತಿರುವಿಗೂ ವೇಗವರ್ಧನೆಗೂ ಹಂಚಬೇಕು. ಪೂರ್ತಿ ಬ್ರೇಕಿಗೆ ಕೊಟ್ಟರೆ ತಿರುಗಿಸಲು ಏನೂ ಉಳಿಯುವುದಿಲ್ಲ. ಆರಂಭದಲ್ಲಿ ಈ ಕೆಲಸಗಳನ್ನು ಬೇರೆ ಬೇರೆಯಾಗಿಯೇ ಮಾಡಿ: ಕಾರು ನೇರವಾಗಿರುವಾಗ ಬ್ರೇಕನ್ನು ಗಟ್ಟಿಯಾಗಿ, ಒಮ್ಮೆಲೇ ಒತ್ತಿ, ಬಿಡುವಾಗ ಮಾತ್ರ ಮೆಲ್ಲಗೆ ಬಿಡುತ್ತ ತಿರುವಿಗೆ ಪ್ರವೇಶಿಸಿ. ಬ್ರೇಕ್ ಬಿಡುವ ಆ ಕ್ಷಣಗಳಲ್ಲಿ ಭಾರವು ಮುಂದಿನ ಚಕ್ರಗಳ ಮೇಲಿರುವುದರಿಂದ ಕಾರು ಚೆನ್ನಾಗಿ ತಿರುಗುತ್ತದೆ. ಎಬಿಎಸ್ ಇದ್ದರೆ ಪೆಡಲ್ ನಡುಗಿದರೂ ಹೆದರಬೇಕಾಗಿಲ್ಲ.

ಹೊಸಬರಲ್ಲಿ ನಾನು ಅತಿ ಹೆಚ್ಚು ಕಾಣುವ ಸಮಸ್ಯೆಯೆಂದರೆ, ತಿರುವಿಗೆ ವೇಗವಾಗಿ ನುಗ್ಗಿ, ಕಾರು ತಿರುಗದಿದ್ದಾಗ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುವುದು. ಮುಂದಿನ ಟೈರು ಹಿಡಿತ ಕಳೆದುಕೊಂಡು ಉಜ್ಜುತ್ತಿರುವಾಗ ಹೆಚ್ಚು ತಿರುಗಿಸಿದಷ್ಟೂ ಅದು ಹೆಚ್ಚು ಉಜ್ಜುತ್ತದೆ. ಆಕ್ಸಿಲರೇಟರನ್ನು ತುಸು ಸಡಿಲಿಸಿ, ಸ್ಟೀರಿಂಗನ್ನು ಸ್ವಲ್ಪ ಹಿಂದಕ್ಕೆ ಬಿಚ್ಚಿ, ಹಿಡಿತ ಮರಳುವವರೆಗೆ ಕಾಯಿರಿ. ಇದಕ್ಕೆ ವ್ಯತಿರಿಕ್ತವಾಗಿ, ವೇಗದ ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಹಿಂಭಾಗ ಹಗುರವಾಗಿ ಕಾರು ಗಿರಕಿ ಹೊಡೆಯಬಹುದು. ಹಾಗೆ ಸುತ್ತತೊಡಗಿದ ಕಾರನ್ನು ಹಿಡಿಯಲಾಗದೆ ಹೋದರೆ ಕ್ಲಚ್ಚು ಮತ್ತು ಬ್ರೇಕು ಎರಡನ್ನೂ ಒತ್ತಿ ನಿಲ್ಲಿಸಿ.

ಸ್ಲಾಲಮ್ ಮತ್ತು ಸ್ವೀಪರ್

ಸಾಲಾಗಿ ನಿಂತ ಕೋನ್‌ಗಳ ನಡುವೆ ಹಾವಿನಂತೆ ಹೊರಳುವ ಸ್ಲಾಲಮ್‌ನಲ್ಲಿ ಮೊದಲ ಕೋನೇ ಎಲ್ಲವನ್ನೂ ನಿರ್ಧರಿಸುತ್ತದೆ. ಅಲ್ಲಿ ಕಾಲು ಭಾಗ ಸೆಕೆಂಡು ತಡವಾದರೆ ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಬ್ರೇಕ್ ಹಿಡಿಯದೆ ಗತಿಯಿಲ್ಲ. ಆದ್ದರಿಂದ ಮೊದಲ ಕೋನಿಗೆ ಬೇಕೆನಿಸುವುದಕ್ಕಿಂತ ತುಸು ನಿಧಾನವಾಗಿ ಬನ್ನಿ, ಮತ್ತು ತಿರುಗಿಸುವ ಕೆಲಸದ ಹೆಚ್ಚಿನ ಪಾಲನ್ನು ಕೋನ್ ತಲುಪುವ ಮೊದಲೇ ಮುಗಿಸಿ. ಕೋನಿನ ಪಕ್ಕ ಹಾಯುವಾಗ ಕಾರಿನ ಮೂತಿ ಆಗಲೇ ಮರಳಿ ಸಾಲಿನ ಕಡೆಗೆ ಮುಖ ಮಾಡಿರಬೇಕು. ಕಾರು ಕೋನಿಗೆ ಅತಿ ಹತ್ತಿರವಾಗುವ ಬಿಂದು ಅದನ್ನು ದಾಟಿದ ಮೇಲೆ, ಅದರ ಬೆನ್ನ ಹಿಂದೆ ಬರಬೇಕು. ಕೋನ್ ದಾಟಿದ ಮೇಲೆ ತಿರುಗಿಸಲು ಶುರುಮಾಡುವುದು ಸಹಜ ಪ್ರವೃತ್ತಿ, ಆದರೆ ಆಗ ಹೊರಳು ವಿಶಾಲವಾಗಿ ಕಾರು ಪ್ರತಿ ಬಾರಿಯೂ ದೂರ ದೂರ ಜಾರುತ್ತದೆ.

ಉದ್ದನೆಯ ಬಾಗಿದ ತಿರುವಾದ ಸ್ವೀಪರ್‌ನಲ್ಲಿ ಬೇಕಾಗುವುದು ತಾಳ್ಮೆ. ಒಳಬದಿಯ ಕೋನ್‌ಗಳಿಗೆ ಅಂಟಿಕೊಂಡು, ಟೈರಿನ ಸಣ್ಣ ಕೂಗು ಒಂದೇ ಸಮನಾಗಿ ಕೇಳುವಂತೆ ಆಕ್ಸಿಲರೇಟರನ್ನು ಸ್ಥಿರವಾಗಿ ಹಿಡಿಯಿರಿ. ಟೈರು ಅರಚುತ್ತಿದ್ದರೆ ನೀವು ಮಿತಿಯನ್ನು ಮೀರಿದ್ದೀರಿ. ಎಡಬಲಕ್ಕೆ ಸರಿದ ಗೇಟುಗಳಲ್ಲಿ ಹಾದಿಯನ್ನು ಆದಷ್ಟು ನೇರವಾಗಿಸಿ.

ರನ್‌ಗಳ ನಡುವೆ

ಬಿದ್ದ ಅಥವಾ ಅದರ ಬುಡದ ಸುತ್ತ ನೆಲದ ಮೇಲೆ ಎಳೆದ ಚೌಕದಿಂದ ಪೂರ್ತಿ ಹೊರಗೆ ಸರಿದ ಪ್ರತಿ ಕೋನಿಗೂ ಎಸ್‌ಸಿಸಿಎ ನಿಯಮದಂತೆ ಎರಡು ಸೆಕೆಂಡು ದಂಡ. ಸರಿದರೂ ನಿಂತಿದ್ದು ಚೌಕದ ಗೆರೆಯನ್ನು ತಾಗಿದ್ದರೆ ದಂಡವಿಲ್ಲ. ಗೇಟು ತಪ್ಪಿದರೆ ಆ ರನ್ ಲೆಕ್ಕಕ್ಕಿಲ್ಲ, ಆದರೂ ಕೋರ್ಸು ಕಲಿಯಲು ಪೂರ್ತಿ ಓಡಿಸಿ. ಕೆಂಪು ಬಾವುಟ ಕಂಡರೆ ತಕ್ಷಣ ನಿಯಂತ್ರಣದಲ್ಲಿ ನಿಲ್ಲಿಸಬೇಕು. ಅಂಥ ರನ್‌ಗೆ ಬದಲಾಗಿ ಇನ್ನೊಂದು ಅವಕಾಶ ಸಿಗುತ್ತದೆ.

ಪ್ರತಿ ರನ್ ಮುಗಿದ ಕೂಡಲೇ ಸಮಯ ನೋಡುವ ಮುನ್ನ ಎಲ್ಲಿ ತಡವಾಯಿತು, ಎಲ್ಲಿ ಹಿಡಿತ ಉಳಿದಿತ್ತು ಎಂದು ನೆನಪಿಸಿಕೊಂಡು, ಮುಂದಿನ ರನ್‌ಗೆ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಿ. ಮೂರು ಸಂಗತಿಗಳನ್ನು ಒಟ್ಟಿಗೆ ತಿದ್ದಲು ಹೋದರೆ ಯಾವುದರಿಂದ ಲಾಭವಾಯಿತೆಂದು ತಿಳಿಯುವುದಿಲ್ಲ. ನಿಮ್ಮ ಸರದಿ ಇಲ್ಲದಾಗ ಅನುಭವಿ ಚಾಲಕರ ಪಕ್ಕ ಕುಳಿತು ಒಂದು ರನ್ ನೋಡಲು ಕೇಳಿ. ಈ ಕ್ರೀಡೆಯಲ್ಲಿ ಯಾರೂ ಇಲ್ಲವೆನ್ನುವುದು ಕಡಿಮೆ, ಮತ್ತು ಅವರು ಎಷ್ಟು ಬೇಗ ತಿರುಗಿಸುತ್ತಾರೆ, ಎಷ್ಟು ಗಟ್ಟಿಯಾಗಿ ಬ್ರೇಕ್ ಹಿಡಿಯುತ್ತಾರೆ ಎಂಬುದನ್ನು ದೇಹದಿಂದ ಅರಿತವರಿಗೆ ವಿವರಣೆ ಬೇಕಾಗುವುದಿಲ್ಲ.

ಓಡಿಸಿದವರೆಲ್ಲ ಒಂದು ಪಾಳಿ ಕೋರ್ಸಿನ ಕೆಲಸವನ್ನೂ ಮಾಡಬೇಕು: ಬಿದ್ದ ಕೋನ್ ಎತ್ತಿಡುವುದು, ದಂಡವನ್ನು ರೇಡಿಯೋದಲ್ಲಿ ತಿಳಿಸುವುದು. ಓಡುವ ಕಾರಿಗೆ ಎಂದೂ ಬೆನ್ನು ಹಾಕಬೇಡಿ, ಫೋನು ಕೈಗೆತ್ತಿಕೊಳ್ಳಬೇಡಿ. ಸಾಧ್ಯವಾದರೆ ಸ್ಲಾಲಮ್ ಹತ್ತಿರದ ಠಾಣೆಯನ್ನು ಕೇಳಿಕೊಳ್ಳಿ, ಏಕೆಂದರೆ ಅಲ್ಲಿ ನಿಂತು ಮೂವತ್ತು ಕಾರುಗಳನ್ನು ನೋಡಿದವರಿಗೆ ವೇಗದ ಹಾದಿಗೂ ನಿಧಾನದ ಹಾದಿಗೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಫಲಿತಾಂಶ ಮತ್ತು ಮುಂದಿನ ಹೆಜ್ಜೆ

ಬೇರೆ ಬೇರೆ ವರ್ಗದ ಕಾರುಗಳನ್ನು ಹೋಲಿಸಲು ರಿಕ್ ರೂತ್ ರೂಪಿಸಿದ ಪ್ಯಾಕ್ಸ್ ಸೂಚ್ಯಂಕವನ್ನು ಬಹುತೇಕ ಕ್ಲಬ್‌ಗಳು ಬಳಸುತ್ತವೆ. ಪ್ರತಿ ವರ್ಗಕ್ಕೂ ಒಂದಕ್ಕಿಂತ ಕಡಿಮೆಯಾದ ಒಂದು ಗುಣಕ ಇರುತ್ತದೆ. ಗುಣಕ 0.800 ಇರುವ ಕಾರಿನಲ್ಲಿ 60 ಸೆಕೆಂಡು ತೆಗೆದುಕೊಂಡವರ ಲೆಕ್ಕ 48.0 ಆಗುತ್ತದೆ, 0.880 ಇರುವ ವೇಗದ ಕಾರಿನಲ್ಲಿ 55 ಸೆಕೆಂಡಿಗೆ ಮುಗಿಸಿದವರದು 48.4. ಹೀಗೆ ನಿಧಾನದ ಕಾರಿನ ಚಾಲಕರೇ ಮುಂದಿರುತ್ತಾರೆ. ನಿಮ್ಮ ಪ್ರಗತಿಯನ್ನು ಈ ಅಂಕಿಯಿಂದ, ಅಗ್ರಸ್ಥಾನದವರಿಗೂ ನಿಮಗೂ ಇರುವ ಅಂತರ ಸ್ಪರ್ಧೆಯಿಂದ ಸ್ಪರ್ಧೆಗೆ ಎಷ್ಟು ಕಿರಿದಾಗುತ್ತಿದೆ ಎಂದು ನೋಡಿ ಅಳೆಯಿರಿ. ಒಂದು ಋತು ಪೂರ್ತಿ ಇದ್ದ ಕಾರಿನಲ್ಲೇ ಕಲಿತು, ಟೈರು ಸವೆದ ಮೇಲೆ ಮಾತ್ರ ಸ್ಟ್ರೀಟ್ ವರ್ಗ ಒಪ್ಪುವ, ಟ್ರೆಡ್‌ವೇರ್ ಅಂಕಿ, ಅಂದರೆ ಸವೆತ ತಾಳುವಿಕೆಯ ಅಂಕಿ, 200 ಅಥವಾ ಹೆಚ್ಚಿರುವ ಒಳ್ಳೆಯ ಟೈರುಗಳನ್ನು ಕೊಳ್ಳಿ. ಬೇರಾವ ಬಿಡಿಭಾಗಕ್ಕೂ ಅದಕ್ಕಿಂತ ಮೊದಲು ದುಡ್ಡು ಹಾಕುವುದನ್ನು ನಾನು ಒಪ್ಪುವುದಿಲ್ಲ.

ಕರ್ನಾಟಕದ ಮಣ್ಣಿನಲ್ಲಿ ಓಡಿಸುವವರಿಗೆ

ಚಿಕ್ಕಮಗಳೂರು, ಕೊಡಗು ಮೊದಲಾದ ಕಡೆ ನಡೆಯುವ ಆಟೋಕ್ರಾಸ್ ಹೆಚ್ಚಾಗಿ ಮಣ್ಣಿನ ಹಾದಿಯದು. ಮಾನ್ಯತೆ ಪಡೆದ ಸ್ಪರ್ಧೆಗಳು ಭಾರತದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಗಳಂತೆ ನಡೆಯುತ್ತವೆ, ಅವಕ್ಕೆ ಅದರ ಪರವಾನಗಿ ಬೇಕಾಗುತ್ತದೆ. ಇಲ್ಲಿಯೂ ಹಾದಿಯನ್ನು ನಡೆದು ನೋಡುವುದು, ಕಣ್ಣನ್ನು ಮುಂದಿಡುವುದು, ಮೊದಲ ಓಟವನ್ನು ಕಲಿಕೆಗೆ ಮೀಸಲಿಡುವುದು ಹಾಗೆಯೇ ಅನ್ವಯಿಸುತ್ತದೆ. ವ್ಯತ್ಯಾಸವಿರುವುದು ಹಿಡಿತದಲ್ಲಿ. ಸಡಿಲ ಮಣ್ಣಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು, ಕಾರು ಜಾರುವುದು ಇಲ್ಲಿ ಸಹಜ ಸ್ಥಿತಿ, ಮತ್ತು ಒಂದೊಂದು ಕಾರು ಹಾದು ಹೋದಂತೆ ಮೇಲ್ಮಣ್ಣು ಪಕ್ಕಕ್ಕೆ ಸರಿದು ಗಟ್ಟಿ ನೆಲದ ಜಾಡು ಮೂಡುವುದರಿಂದ, ಬೆಳಿಗ್ಗೆ ನಡೆದು ನೋಡಿದ ಹಾದಿ ಮಧ್ಯಾಹ್ನಕ್ಕೆ ಅದೇ ಆಗಿ ಉಳಿಯುವುದಿಲ್ಲ. ನಿಮ್ಮ ಸರದಿಗೆ ಮುಂಚಿನ ನಾಲ್ಕೈದು ಕಾರುಗಳ ಚಕ್ರಗಳು ಎಲ್ಲಿ ಹಾಯುತ್ತಿವೆ, ಗುಂಡಿ ಎಲ್ಲಿ ಆಳವಾಗುತ್ತಿದೆ ಎಂಬುದನ್ನು ಹಾದಿಯ ಬದಿಯಲ್ಲಿ ಸುರಕ್ಷಿತ ದೂರದಲ್ಲಿ ನಿಂತು ನೋಡಿಕೊಂಡೇ ಆರಂಭದ ಗೆರೆಗೆ ಹೋಗಿ.